ಅರಿವಿ ಸುತ್ತಿದ ಬಂದೂಕು

ಸಿಂಧನೂರು
4-2-1951

ಲೇ ನರಸ್ಯಾ,

ನಿನ್ನ ಕೆಲಸ ಆತು. ಲಿಂಗಸುಗೂರು ಕಚೇರಿ ಮಾಲಖಾನಿಗೆ ಜವಾನ ಅಂತ ನಿನ್ನ ಹೆಸರು ಬರಸೀನಿ. ಬರೋ ಸೋಮವಾರ ಹೋಗಿ ಹಾಜರಾಗು. ಮುದಗಲ್ಲ ಪಾದ್ರಿಗಳ ಸಾಲ್ಯಾಗ ನಾಲ್ಕು ಅಕ್ಷರ ಕಲ್ತಿದ್ದು ಉಪಯೋಗಕ್ಕ ಬಂತು ನೋಡು. ಇಲ್ಲಂದ್ರ ನಿಮ್ಮಪ್ಪನಂಗ ನಮ್ಮ ಮಸ್ಕಿ ವಾಡೆದಾಗ ನಿಂತು ನಿಂತು ಮುದುಕ ಆಗ್ತಿದ್ದಿ.

ಕೆಲಸ ಯಾಕ ಕೊಡಿಸೀನಿ ಅಂತ ನಿನಗ ಗೊತ್ತೈತಿ. ಆದ್ರೂ ಬರೀತೀನಿ, ನಾಳೆ ಮರತೆ ಅನ್ನಬಾರದು. ನಲವತ್ತೆಂಟರ ಶ್ರಾವಣದಾಗ, ರಜಾಕಾರರ ಹಾವಳಿ ಹೊತ್ತಿನ್ಯಾಗ, ನಮ್ಮಪ್ಪ ಅಮರಗುಂಡಪ್ಪಗೌಡ್ರ ಬಂದೂಕು ವಾಡೆದ ಗೂಟದಿಂದ ಮಾಯ ಆತು. ಅದನ್ನ ಹೊರ್ತಿದ್ದವ ನಿಮ್ಮಪ್ಪ ಅಂಬ್ಯಾ. ಅವನೇ ರಜಾಕಾರರಿಗೆ ಕೊಟ್ಟ ಅಂತ ಚಾವಡ್ಯಾಗ ಊರು ಕೂಡಿ ಕಾಗದ ಬರೀತು. ಬಂದೂಕು ತಿರುಗಿ ಗೂಟಕ್ಕ ಬರೋತನಕ ಅಂಬ್ಯಾ ಮಸ್ಕಿ ಸೀಮಿ ದಾಟಬಾರದು. ದಿನಾ ಮುಂಜಾನೆ ವಾಡೆಕ್ಕ ಬಂದು ಆ ಖಾಲಿ ಗೂಟದ ಕೆಳಗ ನಿಲ್ಲಬೇಕು. ತಪ್ಪಿದ್ರ ಕಾಗದ ಠಾಣೆಕ್ಕ ಹೋಗತೈತಿ, ಅವ ಜೇಲಿಗೆ ಹೋಗ್ತಾನ. ಹೆಬ್ಬೆಟ್ಟು ಒತ್ಯಾನ. ಕಾಗದ ನನ್ನ ಸಂದೂಕದಾಗ ಐತಿ. ನಮ್ಮಪ್ಪ ಸತ್ತು ಒಂದೂವರಿ ವರ್ಷ ಆತು, ಕಾಗದ ಸತ್ತಿಲ್ಲ.

ಈಗ ಜಪ್ತಿಯಾದ ಬಂದೂಕೆಲ್ಲಾ ಲಿಂಗಸುಗೂರಿನ ಮಾಲಖಾನ್ಯಾಗ ಒಟ್ಯಾರಂತ. ನಮ್ಮದೂ ಅದರಾಗ ಇರಬೇಕು. ಒಂದು ಸಲಕ್ಕ ಒಂದೇ ತೋಟಾ ತುಂಬೋ ಮಾರ್ಟಿನ್ ಬಂದೂಕು, ನಮ್ಮ ಮುತ್ಯಾನ ಕಾಲದ್ದು. ನಾವು ಲಿಂಗವಂತರು, ಜೀವ ಹೊಡದವರಲ್ಲ. ನಾನು ಅದನ್ನ ದಸರಾ ಪೂಜ್ಯಾಗ ದೂರದಿಂದ ನೋಡಿದ್ದಷ್ಟೇ. ನೀ ಸಣ್ಣಾವ ಇದ್ದಾಗಿಂದ ನಿಮ್ಮಪ್ಪನ ಹಿಂದ ಹೊಲ ಹೊಲ ತಿರಗಿದಾವ. ನಿನ್ನ ಕಣ್ಣಿಗೆ ಗುರುತು ಸಿಗತೈತಿ.

ಇನ್ನೊಂದು ಮಾತು. ಬಂದೂಕಿಗೆ ಚೀಟಿ ಗೀಟಿ ಕಟ್ಟಿದ್ರ ಯಾರಿಗೂ ತೋರಿಸಬ್ಯಾಡ. ಮೊದಲು ನನ್ನ ಕೈಗೆ ಬರಲಿ.

ಬಂದೂಕು ಗೂಟಕ್ಕ ಬಂದ ದಿನ ನಿಮ್ಮಪ್ಪ ಬಿಡುಗಡಿ. ಚಾವಡ್ಯಾಗ ಊರ ಮುಂದ ಕಾಗದ ಹರೀತೀನಿ. ಹೇಳಿದ್ದು ಹೇಳಿದ್ದೇ.

ಕರಿಬಸಪ್ಪಗೌಡ


ಲಿಂಗಸುಗೂರು
27-2-1951

ಧಣೇರಿಗೆ ನರಸ್ಯಾನ ಶರಣು.

ಹನ್ನೆರಡನೇ ತಾರೀಖಿಗೆ ಹಾಜರಾದೆ. ಮಾಲಖಾನಿ ಅಂದ್ರ ಒಂದು ಕತ್ತಲ ಖೋಲಿ. ಕಬ್ಬಿಣದ ಬಾಗಲ, ಗೇಣಗಲದ ಒಂದೇ ಕಿಟಕಿ. ಬಂದೂಕು, ಕತ್ತಿ, ಬರ್ಚಿ ಎಲ್ಲಾ ಸೌದಿ ಒಟ್ಟಿದಂಗ ಒಟ್ಯಾರ. ಬಂದೂಕೇ ಮುನ್ನೂರರ ಮ್ಯಾಲ ಅದಾವಂತ. ಬಾಗಲ ಕಾಯೋ ಜಮಾದಾರ ರಾಜೇಸಾಬ್ ಅಂತ ವಯಸ್ಸಾದವರು. ಚೀಟಿಗಳೆಲ್ಲಾ ಉರ್ದುದಾಗ ಅದಾವ, ಅವರೇ ಓದಿ ಹೇಳಬೇಕು. ಶುಕ್ರವಾರಕ್ಕೊಮ್ಮೆ ಹತ್ತಿಪ್ಪತ್ತು ಹೊರಗ ತಗದು, ಜಂಗು ತಿಕ್ಕಿ, ಎಣ್ಣಿ ಹಚ್ಚಿ ಒಳಗ ಇಡೋದು ನನ್ನ ಕೆಲಸ. ಮೊದಲನೇ ದಿನ ನಾನು ದೂರ ನಿಂತಿದ್ದೆ. "ಯಾಕಪ್ಪ ಅಲ್ಲೇ ನಿಂತಿ?" ಅಂದ್ರು. ನಮ್ಮ ಕೇರಿ ಯಾವುದು ಅಂತ ಹೇಳಿದೆ. "ಕಬ್ಬಿಣಕ್ಕ ಜಾತಿ ಇಲ್ಲ, ಜಂಗು ಐತಿ. ತಿಕ್ಕು" ಅಂದ್ರು.

ಗುರುತಿನ ಚಿಂತಿ ನಿಮಗ ಬ್ಯಾಡ. ಯಾವ ಬಂದೂಕಾದ್ರೂ ಕೈ ಹಿಡಿಯೋ ಜಾಗ, ಕೆನ್ನಿ ಒತ್ತೋ ಜಾಗ ಬೆವರು ಕುಡದು ಕಪ್ಪಾಗಿರತೈತಿ. ನಿಮ್ಮ ಬಂದೂಕಿಂದು ಉಲ್ಟಾ. ಹೊಲಗೇರಿ ಕೈ ನೇರ ತಾಕಬಾರದು ಅಂತ ಅಪ್ಪ ಅದನ್ನ ಹಿಡಿಯೋ ಮುಂಚೆ ಕಟ್ಟಿಗಿಗೆ ಅರಿವಿ ಸುತ್ತಬೇಕಿತ್ತು. ಕೆನ್ನಿ ಇಡೋ ಜಾಗಕ್ಕೂ ಅರಿವಿ. ಹಂದಿ ಹೊಡದು ಬಂದ ಮ್ಯಾಲ ವಾಡೆದ ಕಟ್ಟಿ ಮ್ಯಾಲ ಬಂದೂಕು ಇಟ್ಟು, ಅರಿವಿ ಬಿಚ್ಚಿ ತಾನು ಒಯ್ಯಬೇಕು. ನಿಮ್ಮ ಮಂದಿ ನೀರು ಚಿಮುಕಿಸಿ ಗೂಟಕ್ಕ ಹಾಕ್ತಿದ್ರು. ಇಪ್ಪತ್ತು ವರ್ಷ ಹಂಗ ನಡೀತು. ಗುಂಡು ಹೊಡದವ ಅಪ್ಪ, ಊರಾಗ ಹೆಸರು ಹೇಳಿದ್ದು ದೊಡ್ಡ ಧಣೇರದು. ಅದಕ್ಕ ಆ ಜಾಗ ಬಡಿಗ್ಯಾನ ಕೈಯಿಂದ ಈಗ ಇಳದಂಗ ಹೊಸಾದು ಇರತೈತಿ. ಕತ್ತಲದಾಗೂ ಹುಡುಕ್ತೀನಿ.

ಒಂದು ಬೇಡಿಕಿ. ಅಪ್ಪನ ಮೊಣಕಾಲು ಬಾತಾವ. ಬಂದೂಕು ಸಿಗೋತನಕ ಗೂಟದ ಕೆಳಗ ನಿಲ್ಲೋ ಬದ್ಲಿ ಕುಂದ್ರಾಕ ಬಿಡ್ರಿ. ನಿಮ್ಮ ಅನ್ನ ಉಂಡವ ಕೇಳಾಕತ್ತೀನಿ.

ನರಸ್ಯಾ


ಲಿಂಗಸುಗೂರು
7-9-1951

ಧಣೇರಿಗೆ ಶರಣು.

ಮುನ್ನೂರರಾಗ ಇನ್ನೂರು ನೋಡಿದೆ. ನಿಮ್ಮದು ಸಿಕ್ಕಿಲ್ಲ. ಹುಡುಕಾಕತ್ತೀನಿ.

ಒಂದು ಕೇಳಬೇಕಿತ್ತು. ಆ ಶ್ರಾವಣದಾಗ ದೊಡ್ಡ ಧಣೇರು ಲಿಂಗಸುಗೂರಿಗೆ ಏನಾದ್ರೂ ಬಂದಿದ್ರೇನು? ಜಮಾದಾರರು ಬರೇ ಹಂಗ ಕೇಳಿದ್ರು.

ನರಸ್ಯಾ


ಲಿಂಗಸುಗೂರು
7-9-1951, ಶುಕ್ರವಾರ
(ಟಪಾಲಿಗೆ ಹಾಕಿಲ್ಲ)

ಧಣೇರ, ಸಿಕ್ಕೇತಿ.

ಇದನ್ನ ನಿಮಗ ಕಳಸಂಗಿಲ್ಲ. ಯಾರಿಗಾದ್ರೂ ಹೇಳದಿದ್ರ ಎದಿ ಒಡೀತೈತಿ ಅಂತ ಬರೀತೀನಿ.

ಮುಂಜಾನೆ ಒಟ್ಟಲಿನ ತಳದಿಂದ ಒಂದು ಎಳದೆ. ಕಿಟಕಿ ಬೆಳಕು ಕಟ್ಟಿಗಿ ಮ್ಯಾಲ ಬಿತ್ತು. ಎಲ್ಲಾ ಕಡೆ ಕಪ್ಪು, ಹಿಡಿಯೋ ಜಾಗ ಮಾತ್ರ ಜೇನಿನ ಬಣ್ಣ. ಕೆಳಗಿನ ಕಬ್ಬಿಣದ ಹಿಡಿಕಿ ಎಳದೆ, ಜಂಗು ಹಿಡದಿತ್ತು, ಬರಲಿಲ್ಲ. ಎಣ್ಣಿ ಬಿಟ್ಟು ಬೀಡಿ ಸೇದೋವಷ್ಟು ಹೊತ್ತು ಕಾದೆ. ಮತ್ತ ಎಳದೆ. ಕಟಕ್ ಅಂತ ಬಾಯಿ ತೆರೀತು. ಆ ಸಪ್ಪಳ ಆರು ವರ್ಷದವ ಇದ್ದಾಗಿಂದ ಕಿವ್ಯಾಗ ಇಟಗೊಂಡೀನಿ. ಜ್ವಾಳದ ಹೊಲದಾಗ ಅಪ್ಪನ ಬೆನ್ನಿಗೆ ಅಂಟಿ ಕುಂತು ಕೇಳಿದ್ದು. ಒಂದು ಸಲ ಕಟಕ್, ಒಂದು ತೋಟಾ, ಮತ್ತ ಕಟಕ್. ತಪ್ಪಿದ್ರ ಇನ್ನೊಂದು ತುಂಬೋದರಾಗ ಹಂದಿ ಮೈಮ್ಯಾಲ ಬರತೈತಿ. ಅಪ್ಪ ತಪ್ಪಿಸಿದ್ದು ನಾ ನೋಡಿಲ್ಲ.

ನಳಗಿ ಕಿಟಕಿ ಕಡೆ ಹಿಡದು ಒಂದು ಕಣ್ಣು ಇಟ್ಟೆ. ಒಳಗಿನ ಗೀರು ಸುತ್ತಿಗೋತ ಸುತ್ತಿಗೋತ ಹೋಗಿ ತುದಿಗೆ ಕಾಸಿನಷ್ಟು ಬೆಳಕು. ಇಷ್ಟು ಚೆಂದದ್ದು ನಾನು ಏನೂ ನೋಡಿಲ್ಲ ಧಣೇರ. ಆಮ್ಯಾಲ ಆ ಹೊಸಾ ಜಾಗಕ್ಕ ಬರಿಗೈ ಇಟ್ಟೆ. ಇಪ್ಪತ್ತು ವರ್ಷ ಹೊತ್ತ ಅಪ್ಪ ಒಂದು ದಿನಾನೂ ಮುಟ್ಟದ ಜಾಗ. ಕೆನ್ನಿ ಇಟ್ಟೆ. ತಣ್ಣಗಿತ್ತು. ಎಷ್ಟು ಹೊತ್ತು ಹಂಗೇ ಇದ್ದೆನೋ, ರಾಜೇಸಾಬ್ ಕೆಮ್ಮಿದಾಗ ಎಚ್ಚರಾತು.

ಬೆರಳಿಟ್ಟು ಎಳಿಯೋ ಕುದುರಿಗೆ ತಗಡಿನ ಚೀಟಿ ಕಟ್ಟಿತ್ತು. ಅವರು ಕನ್ನಡಕ ಏರಿಸಿ ಓದಿದ್ರು. "ಮಸ್ಕಿ ಅಮರಗುಂಡಪ್ಪ ಗೌಡ. ಸ್ವಂತ ಕೈಲೆ, ಸ್ವಖುಷಿಯಿಂದ ಸರ್ಕಾರಕ್ಕ ಜಮಾ ಮಾಡಿದ್ದು. ಪಾವತಿ ಕೊಟ್ಟಿದೆ. ಒಂಬತ್ತನೇ ಆಗಸ್ಟ್, ನಲವತ್ತೆಂಟು."

ಇನ್ನೊಮ್ಮೆ ಓದಿಸಿದೆ. ಮೂರನೇ ಸಲ ಅವರು ಓದಲಿಲ್ಲ, ನನ್ನ ಮುಖ ನೋಡಿದ್ರು.

ರಜಾಕಾರರು ಮಸ್ಕಿಗೆ ಬಂದಿದ್ದು ಅದಾಗಿ ಹತ್ತು ದಿನಕ್ಕ. ನಿಮ್ಮಪ್ಪ ಹೆದರಿ ಮುಂಚೆನೇ ಬಂದು ನಿಜಾಮನ ಕಚೇರ್ಯಾಗ ಬಂದೂಕು ಒಪ್ಪಿಸಿ ಪಾವತಿ ತಗೊಂಡು ಹೋಗ್ಯಾರ. ಹಾವಳಿ ಮುಗಿದ ಮ್ಯಾಲ ಊರು ಕೇಳ್ತು: ಗೌಡ್ರ, ಬಂದೂಕು ಇತ್ತಲ್ಲ, ಯಾಕ ಹೊರಗ ಬರಲಿಲ್ಲ? ಆಗ ಅವರಿಗೆ ಒಂದು ಕುತ್ತಿಗಿ ಬೇಕಾತು. ಅಪ್ಪನ ಕುತ್ತಿಗಿ ಹತ್ರ ಇತ್ತು.

ಈ ಚೀಟಿ ನಿಮ್ಮ ಕೈಗೆ ಬಂದ್ರ ಒಲಿಗೆ ಹೋಗತೈತಿ. ನಾ ಬಿಚ್ಚಿಕೊಂಡು ಹೋದ್ರ ಸರ್ಕಾರದ ಮಾಲು ಕದ್ದವ ಆಗ್ತೀನಿ, ಅಪ್ಪಗೆ ತಕ್ಕ ಮಗ ಅಂತೀರಿ. ಕೂಗಿ ಹೇಳಿದ್ರ ನೌಕರಿ ನೀವು ಕೊಡಿಸಿದ್ದು, ನೀವೇ ಕಳೀತೀರಿ, ಆಮ್ಯಾಲ ಈ ಖೋಲ್ಯಾಗ ಚೀಟಿ ಕಾಯೋರು ಯಾರು? ಬಾಯಿ ಮುಚ್ಚಿದ್ರ ಅಪ್ಪ ಅಲ್ಲಿ ನಿಲ್ತಾನ. ಎತ್ತ ಹೊಳ್ಳಿದ್ರೂ ಗ್ವಾಡಿ.

ನಿಜ ಇನ್ನೊಂದು ಐತಿ. ಬರೋ ಶುಕ್ರವಾರ ಮತ್ತ ಅದನ್ನ ಕೈಯಾಗ ಹಿಡಿಬೇಕು ಅನ್ನಿಸಾಕತ್ತೈತಿ. ಅಪ್ಪನ ಸಲುವಾಗಿ ಸುಮ್ಮನಾದೆನೋ, ಬಂದೂಕಿನ ಸಲುವಾಗಿ ಸುಮ್ಮನಾದೆನೋ ನನಗೇ ತಿಳಿವಲ್ದು.


ಸಿಂಧನೂರು
16-10-1951

ಲೇ ನರಸ್ಯಾ,

ನಮ್ಮಪ್ಪ ಎಲ್ಲಿ ಹೋಗಿದ್ದ, ಯಾವಾಗ ಹೋಗಿದ್ದ ಅಂತ ಕೇಳೋವಷ್ಟು ದೊಡ್ಡಾವ ಆದೇನಲೇ? ಶ್ರಾವಣದಾಗ ಅವರು ವಾಡೆ ಬಿಟ್ಟು ಹೊರಗ ಕಾಲಿಡ್ತಿದ್ದಿಲ್ಲ, ಊರಿಗೇ ಗೊತ್ತೈತಿ. ಆ ಜಮಾದಾರಗ ಹೇಳು, ನಿನ್ನ ಬಾಗಲ ನೀ ಕಾಯಿ ಅಂತ.

ದಸರಾ ಚಲೋ ಆತು. ಬಂದೂಕು ಇಲ್ಲಂತ ಪೂಜಿ ಬಿಡಾಕ ಆಗತೈತೇನು? ಖಾಲಿ ಗೂಟಕ್ಕೇ ಕುಂಕುಮ ಹಚ್ಚಿದ್ವಿ. ಅದರ ಕೆಳಗ ಅಂಬ್ಯಾ ಎರಡೂ ತೋಳು ಚಾಚಿ ನಿಂತ, ಬಂದೂಕು ಹೊತ್ತಂಗ. ಆರತಿ ಮುಗಿಯೋತನಕ ಇಳಿಸಲಿಲ್ಲ ನೋಡು, ಗಟ್ಟಿ ಮನಶಾ. ನಾಲ್ಕು ಮಂದಿ ನಕ್ಕರು ಅನ್ನು. ಆದ್ರ ಗೌಡ್ರ ಪೂಜಿ ಮುಂದ ನಿಲ್ಲೋ ಮಾನ ನಿಮ್ಮ ಕೇರ್ಯಾಗ ಇನ್ನ್ಯಾರಿಗೆ ಸಿಗತೈತಿ? ಇನ್ನ ವರ್ಷಾ ವರ್ಷಾ ಹಿಂಗೇ ಮಾಡ್ಸೋದು ಅಂತ ನಮ್ಮವ್ವ ಪಾರ್ವತೆಮ್ಮನವರೂ ಅಂದಾರ.

ಚುನಾವಣಿಗೆ ನಿಲ್ಲಾಕತ್ತೀನಿ. ಹೋದಲ್ಲೆಲ್ಲಾ ನಮ್ಮಪ್ಪನ ಕತಿ ಹೇಳ್ತೀನಿ. ಬಂದೂಕು ಕಳುವಾಗದಿದ್ರ ಅಮರಗುಂಡಪ್ಪಗೌಡ್ರು ಒಬ್ಬರೇ ಊರ ಅಗಸಿ ಬಾಗಲದಾಗ ನಿಂತು ರಜಾಕಾರರನ್ನ ತಡೀತಿದ್ರು ಅಂದ್ರ ಮಂದಿ ಚಪ್ಪಾಳಿ ಹೊಡೀತಾರ. ನೀನೂ ಲಿಂಗಸುಗೂರಾಗ ನಿಮ್ಮವರಿಗೆ ಹೇಳು.

ಕುಂದ್ರಾಕ ಕೇಳಿದ್ದಿ. ಕಾಗದದಾಗ ನಿಲ್ಲಬೇಕು ಅಂತ ಐತಿ. ನಾ ಬರದಿದ್ದಲ್ಲ.

ಕರಿಬಸಪ್ಪಗೌಡ


ಲಿಂಗಸುಗೂರು
3-3-1953

ಧಣೇರಿಗೆ,

ನಮ್ಮವ್ವ ಆದೆಮ್ಮ ಹೋದ ವಾರ ಸತ್ತಳು. ಔಷಧಕ್ಕಂತ ಇಲ್ಲಿ ನನ್ನ ಹತ್ರ ಕರಕೊಂಡು ಬಂದಿದ್ದೆ. ಎರಡು ದಿನ ಅಪ್ಪನ್ನ ಕರದಳು. ಒಂಬತ್ತು ಹರದಾರಿ ದೂರ. ಅಪ್ಪಗೆ ಸುದ್ದಿ ಮುಟ್ಟಿಸಿ, ಅಪ್ಪಣಿ ಕೇಳಾಕ ನಿಮ್ಮಲ್ಲಿಗೆ ಮಂದಿ ಕಳಿಸಿದೆ, ಕಾಲುವಿ ಗುತ್ತಿಗಿ ಕೆಲಸದ ಮ್ಯಾಲ ಹೋಗೀರಿ, ಯಾವಾಗ ಬರ್ತೀರೋ ಗೊತ್ತಿಲ್ಲ ಅಂದ್ರಂತ.

ಹೆಣ ಗಾಡ್ಯಾಗ ಹಾಕ್ಕೊಂಡು ಮಸ್ಕಿಗೆ ಹೊಂಟೆ. ಊರ ಸೀಮಿ ಕಲ್ಲಿನ ಹತ್ರ ಅಪ್ಪ ನಿಂತಿದ್ದ. ಮುಂಜಾನಿಂದ ಅಲ್ಲೇ ನಿಂತಾನ ಅಂತ ದನ ಕಾಯೋರು ಹೇಳಿದ್ರು. ಕಲ್ಲಿನ ಈಚಿ ಕಡೆ ಒಂದು ಹೆಜ್ಜಿ ಇಟ್ಟಿಲ್ಲ. ಗಾಡಿ ಕಲ್ಲು ದಾಟಿದ ಮ್ಯಾಲ ಬಂದು ಅವ್ವನ ಕಾಲು ಹಿಡಕೊಂಡ. ಅಳಲಿಲ್ಲ. "ಯಾಕ ಬರಲಿಲ್ಲ?" ಅಂದೆ. "ನಾ ದಾಟಿದ್ರ ಕಳ್ಳ ಅನ್ನೋದು ಖರೇ ಆಗತೈತಿ" ಅಂದ.

ಬಂದೂಕು ಇನ್ನೂ ಸಿಕ್ಕಿಲ್ಲ.

ನರಸಣ್ಣ


ಸಿಂಧನೂರು
12-3-1953

ನರಸಾ,

ಸುದ್ದಿ ಕೇಳಿ ಕೆಟ್ಟ ಅನ್ನಿಸ್ತು. ಆದೆಮ್ಮ ನಮ್ಮ ಹೊಲದಾಗ ಕಳೇವು ತಗದ ಹೆಣಮಗಳು. ಒಂದು ಮಾತು ನನಗ ಮುಟ್ಟಿದ್ರ ನಾನೇ ಅಂಬ್ಯಾನ್ನ ಜೀಪಿನ್ಯಾಗ ಕಳಸ್ತಿದ್ದೆ. ನಾನೇನು ರಾಕ್ಷಸ ಅಲ್ಲ. ಆಕಿ ದಿವಸದ ಊಟಕ್ಕ ಅಂತ ವಾಡೆದಿಂದ ಜ್ವಾಳ ಕಳಸೀನಿ.

ಎರಡು ವರ್ಷ ಆತು. ಮುನ್ನೂರು ಬಂದೂಕು ನೋಡಾಕ ಎರಡು ವರ್ಷ ಬೇಕೇನು? ಸಿಕ್ಕಿದ್ರ ನಿಮ್ಮವ್ವನ ಹತ್ರ ಅವ ಇರ್ತಿದ್ದ. ವಿಚಾರ ಮಾಡು.

ಕರಿಬಸಪ್ಪ


ಸಿಂಧನೂರು
20-6-1955

ನರಸಣ್ಣಗ,

ಸರ್ಕಾರದ ನೋಟೀಸು ನೋಡಿದೆ. ಮಾಲಖಾನಿ ಬಂದೂಕುಗಳ ವಾರಸುದಾರರು ಮೂರು ತಿಂಗಳಾಗ ಪಾವತಿ ತೋರಿಸಿ ಒಯ್ಯಬೇಕಂತ, ಇಲ್ಲಂದ್ರ ಲೈಸೆನ್ಸ ಇದ್ದವರಿಗೆ ಹರಾಜಂತ.

ನೇರ ಮಾತಾಡೋಣು. ಬಂದೂಕು ನಿನ್ನ ಕಣ್ಣಿಗೆ ಬಿದ್ದು ವರ್ಷಗಟ್ಟಲೆ ಆಗೇತಿ. ಅವತ್ತು ನೀ ಆ ಪ್ರಶ್ನಿ ಕೇಳಿದಾಗೇ ನನಗ ಅನುಮಾನ ಬಂದಿತ್ತು, ಬಾಯಿ ಬಿಡಲಿಲ್ಲ. ನೀನೂ ಬಿಡಲಿಲ್ಲ. ಇಬ್ಬರೂ ಶಾಣ್ಯಾರು.

ಪಾವತಿ ತೋರಿಸಾಕ ನನಗ ಆಗಂಗಿಲ್ಲ. ಯಾಕಂತ ಕೇಳಬ್ಯಾಡ. ನೀ ಇಷ್ಟು ಮಾಡು: ಚೀಟಿ ಬಿಚ್ಚಿ ಸುಡು. ವಾರಸಿಲ್ಲದ ಮಾಲು ಅಂತ ಹರಾಜಿಗೆ ಬರಲಿ, ನಮ್ಮ ತಮ್ಮ ಶಿವಶರಣಪ್ಪನ ಹೆಸರಿನ್ಯಾಗ ಹಿಡೀತೀನಿ. ಮರುದಿನ ಅಂಬ್ಯಾ ಬಿಡುಗಡಿ. ನಾ ಏನು ಕೇಳಾಕತ್ತೀನಿ? ಅಂಗೈ ಅಗಲದ ತಗಡು. ಸತ್ತ ಮನಶಾನ ಮಾನ ಕಳದು ನಿನಗೇನು ಬರತೈತಿ?

ಬರೋ ಚುನಾವಣಿ ಹೊತ್ತಿಗೆ ಇದೆಲ್ಲಾ ಮುಗದಿರಬೇಕು. ಹೋದ ಸಲ ಸೋತೀನಿ, ಈ ಸಲ ಸೋಲೋ ಹಂಗಿಲ್ಲ.

ಕರಿಬಸಪ್ಪ


ಮಸ್ಕಿ
6-2-1956

ಕರಿಬಸಪ್ಪಗೌಡರಿಗೆ,

ಬಂದೂಕು ಮಸ್ಕಿಗೆ ಬಂದೈತಿ. ನಿಮ್ಮ ಗೂಟಕ್ಕಲ್ಲ, ನಮ್ಮ ಗುಡಿಸಲಿಗೆ.

ಗುಡ್ಡದ ಬುಡದಾಗ ಸರ್ಕಾರ ನನಗ ಮೂರು ಎಕರೆ ಪಡಾ ಬಿದ್ದ ಭೂಮಿ ಕೊಟ್ಟಿದ್ದು ನಿಮಗ ಗೊತ್ತೈತಿ. ಹಂದಿ ಕಾಟ ಅಂತ ಲೈಸೆನ್ಸಿಗೆ ಅರ್ಜಿ ಹಾಕಿದೆ. ಒಂದೂವರಿ ವರ್ಷ ಅಲದಾಡಿಸಿದ್ರು. ಕೊನಿಗೆ ರಾಯಚೂರಿಂದ ಕಾಗದ ಬಂತು, "ನರಸಣ್ಣ ತಂದೆ ಅಂಬಪ್ಪ" ಅಂತ. ಅಪ್ಪನ ಹೆಸರು ಸರ್ಕಾರದ ಕಾಗದದಾಗ ಪೂರಾ ಬಂದಿದ್ದು ಅದೇ ಮೊದಲು. ಹರಾಜಿನ್ಯಾಗ ಹಳೇ ಒಂಟಿ ತೋಟಾದ ಬಂದೂಕು ಅಂತ ಯಾರೂ ಮೂಸಲಿಲ್ಲ. ನಿಮ್ಮ ತಮ್ಮ ಬಂದಿದ್ರು. ಚೀಟಿ ಅದಕ್ಕ ತೂಗಾಡೋದು ನೋಡಿ ಹಿಂದ ಸರದ್ರು. ಬೆಲಿ ಕೂಗಿದ್ರ ಅದನ್ನ ಎಲ್ಲರ ಮುಂದ ಓದ್ತಿದ್ರಲ್ಲ. ನನಗ ಚೀಟಿ ಸಮೇತ ಬಂತು.

ಅವತ್ತ ಸಿಕ್ಕ ದಿನ ಬರದು ಹಾಕದ ಪತ್ರ ಇದರ ಜೊತಿ ಇಟ್ಟೀನಿ. ಓದ್ರಿ. ನಾನು ಸುಳ್ಳು ಹೇಳಿದೆ. ನಾಲ್ಕೂವರಿ ವರ್ಷ ಹೇಳಿದೆ. ಆ ಸುಳ್ಳಿನ್ಯಾಗ ನಮ್ಮವ್ವ ಸತ್ತಳು. ಅದಕ್ಕ ನಿಮ್ಮನ್ನ ಬೈಯಾಕ ನನಗ ಅರ್ಧ ಬಾಯಿ ಐತಿ ಅಷ್ಟೇ.

ನಿನ್ನೆ ಅಪ್ಪನ್ನ ಗುಡ್ಡಕ್ಕ ಕರಕೊಂಡು ಹೋದೆ. ಮಸ್ಕಿ ಸೀಮಿ ಒಳಗೇ, ನಿಮ್ಮ ಕಾಗದ ತಪ್ಪಿಲ್ಲ. ಬಂಡಿಗಲ್ಲಿನ ಮ್ಯಾಲ ಒಂದು ಒಡಕು ಗಡಿಗಿ ಇಟ್ಟು ನಲವತ್ತು ಮಾರು ಹಿಂದ ಬಂದೆ. ಹಿಡಿಕಿ ಎಳದೆ, ತೋಟಾ ತುಂಬಿದೆ, ಕಟಕ್. ಕುದುರಿ ಎಳದೆ. ಭುಜಕ್ಕ ಹೋರಿ ಗುದ್ದಿದಂಗಾತು. ಗುಡ್ಡ ಎಲ್ಲಾ ಗುಡುಗಿತು, ಹೊಗಿ ಹೋಗೋತನಕ ಏನೂ ಕಾಣಲಿಲ್ಲ. ಗಡಿಗಿ ಹಂಗೇ ಕುಂತಿತ್ತು. ಅಪ್ಪ ನಕ್ಕ. ಅವ್ವ ಸತ್ತ ಮ್ಯಾಲ ಅವ ನಕ್ಕಿದ್ದು ನೋಡಿದ್ದಿಲ್ಲ. "ಉಸುರು ಬಿಗಿ ಹಿಡಿತಿ, ಹೆಣ ಹಿಡದಂಗ. ಬಿಡು" ಅಂದ. ಎರಡನೇದು ಕಲ್ಲಿಗೆ ಬಡೀತು, ಮೂರನೇದಕ್ಕ ಗಡಿಗಿ ಕುತ್ತಿಗಿ ಹಾರಿತು. ನಾನು ಸಣ್ಣ ಹುಡುಗನಂಗ ಕುಣದೆ. ಇಷ್ಟಕ್ಕಾಗಿ ಬದುಕಬಹುದು ಅನ್ನಿಸ್ತು ಗೌಡ್ರ, ಒಂದು ಗಳಿಗಿ.

ಆಮ್ಯಾಲ ಬಂದೂಕು ಅಪ್ಪನ ಕೈಗೆ ಕೊಟ್ಟೆ. ಅವ ತಗೊಳ್ಳಲಿಲ್ಲ. ಸೊಂಟದಿಂದ ಒಂದು ಅರಿವಿ ತಗದ. ಅದೇ ಹಳೇ ಅರಿವಿ, ಎಂಟು ವರ್ಷ ಎಲ್ಲಿ ಇಟ್ಟಿದ್ದನೋ. ಹಿಡಿಯೋ ಜಾಗಕ್ಕ ಸುತ್ತಿದ, ಕೆನ್ನಿ ಜಾಗಕ್ಕ ಸುತ್ತಿದ, ಗಂಟು ಹಾಕಿದ, ಆಮ್ಯಾಲ ಹಿಡದ. "ಅಪ್ಪ, ಇದು ನಮ್ಮದು, ಬಿಚ್ಚು" ಅಂತ ಚೀರಿದೆ. ಬಿಚ್ಚಲಿಲ್ಲ. ಹೊಡೀಲೂ ಇಲ್ಲ. ಮಡಲಾಗ ಇಟಗೊಂಡು ಕುಂತ. ಇವತ್ತು ಮುಂಜಾನೆ ಎದ್ದು ಮುಖ ತೊಳಕೊಂಡು ನಿಮ್ಮ ವಾಡೆಕ್ಕ ಹೋಗ್ಯಾನ, ನಿಲ್ಲಾಕ.

ಎಂಟು ವರ್ಷ ನಿಲ್ಲಿಸಿ ನಿಲ್ಲಿಸಿ ನೀವು ಅವನ ಒಳಗೇ ಒಂದು ಗೂಟ ಬಡದೀರಿ. ಲೈಸೆನ್ಸು ತರಬಹುದು, ಬಂದೂಕು ತರಬಹುದು, ಅದನ್ನ ಕೀಳೋದು ಹೆಂಗ ಅಂತ ಯಾವ ಕಚೇರ್ಯಾಗ ಕೇಳಲಿ?

ನರಸಣ್ಣ


ಮಸ್ಕಿ ವಾಡೆ
19-3-1956

ಶ್ರೀ ನರಸಣ್ಣನವರಿಗೆ ಕರಿಬಸಪ್ಪನ ವಂದನೆಗಳು.

ನಿಮ್ಮ ಪತ್ರ, ಅದರ ಜೊತಿಗಿದ್ದ ಪತ್ರ ಎರಡೂ ಓದಿದೆ. ನಮ್ಮ ತಂದಿಯವರ ಬಗ್ಗೆ ನಾನೇನೂ ಹೇಳಂಗಿಲ್ಲ. ಆ ಕಾಲ ಹಂಗಿತ್ತು. ಎಲ್ಲರೂ ಹೆದರಿದ್ದರು.

ಈಗ ಬರೀತಿರೋದು ನಿಮ್ಮ ತಂದಿಯವರ ಸಲುವಾಗಿ. ಬಂದೂಕು ಬಂದಾತು, ಇನ್ನ ಬರಬ್ಯಾಡ್ರಿ ಅಂತ ನಾನೇ ಕೈಮುಗಿದು ಹೇಳಿದೆ. ಬರ್ತಾರ. ಬಾಗಲ ಹಾಕಿಸಿದೆ, ಹೊರಗ ಬಿಸಲಾಗ ನಿಂತರು, ಅದು ಇನ್ನೂ ನಾಲ್ಕು ಮಂದಿಗೆ ಕಂಡಿತು. ತಗದು ಒಳಗ ಕರದೆ, ಗೂಟದ ಕೆಳಗ ಹೋಗಿ ನಿಂತರು. ನಮ್ಮವ್ವ ಕುರ್ಚಿ ಹಾಕಿಸಿದಳು, ಕುಂದ್ರಲಿಲ್ಲ. ಗೂಟ ಕಿತ್ತಿಸಿದೆ. ಗ್ವಾಡ್ಯಾಗ ತೂತು ಉಳೀತಲ್ಲ, ಅದರ ಕೆಳಗ ನಿಂತರು. ದಸರಾಕ್ಕ ಚಾಚಿದಂಗ ತೋಳು ಚಾಚೋದಿಲ್ಲ, ಕೈ ಕೆಳಗ ಬಿಟ್ಟಿರ್ತಾರ. ವಯಸ್ಸಾತು, ತೋಳಿನ್ಯಾಗ ಶಕ್ತಿ ಇಲ್ಲ ಅಂತ ಕಾಣತೈತಿ, ಕನಿಕರ ಬರತೈತಿ.

ಹೋದ ವಾರ ನಮ್ಮ ಮಗಳು ಕಸ್ತೂರೆಮ್ಮನ್ನ ನೋಡಾಕ ಬೀಗರು ಬಂದಿದ್ದರು. ಪಡಸಾಲ್ಯಾಗ ಕುಂತು ನೀರು ಕುಡಿಯೋ ಮುಂಚೆನೇ "ಇವರು ಯಾರು, ಯಾಕ ನಿಂತಾರ?" ಅಂದರು. ಏನು ಹೇಳಲಿ? ಊರಿಗೆ ಲಿಂಗಸುಗೂರು ಚೀಟಿ ಸುದ್ದಿ ಆಗಲೇ ಗೊತ್ತಾಗೇತಿ. ಮಂದಿ ಏನೂ ಕೇಳಂಗಿಲ್ಲ, ಬಂದು ನೋಡಿ ಹೋಗ್ತಾರ. ನನ್ನ ಮನಿ ನನಗೇ ಬಂದೀಖಾನಿ ಆಗೇತಿ.

ಆ ಹೆಬ್ಬೆಟ್ಟಿನ ಕಾಗದ ಬೇಕಾದ್ರ ನಾಳೆನೇ ಟಪಾಲಿನ್ಯಾಗ ನಿಮಗ ಕಳಸ್ತೀನಿ. ನೀವೇ ಹರಕೊಳ್ರಿ. ಅವರನ್ನ ಮನಿಗೆ ಕರಕೊಂಡು ಹೋಗ್ರಿ. ಮಗ ಹೇಳಿದ್ರ ಕೇಳ್ತಾರ.

ನಿಮ್ಮ
ಕರಿಬಸಪ್ಪ


ಮಸ್ಕಿ
28-3-1956

ಕರಿಬಸಪ್ಪಗೌಡರಿಗೆ,

ನಿಮ್ಮ ಪತ್ರ ಅಪ್ಪಗೆ ಓದಿ ಹೇಳಿದೆ. ಓದೋದು ಮುಗಿಸಿ ನಾನೂ ಕೂಗಾಡಿದೆ. ಕುರ್ಚಿ ಹಾಕಿದ್ರೂ ಕುಂದ್ರಾಕ ಬರವಲ್ದು ನಿನಗ, ನಿನ್ನ ಮೈಯಾಗ ರಕ್ತ ಐತೋ ಇಲ್ಲೋ ಅಂದೆ. ಅವ ಬೀಡಿ ಹಚ್ಚಿದ.

"ಕೂಗೋದು ಮುಗೀತೇನು?" ಅಂದ. "ಬಂದೂಕು ತಾ."

ತಂದೆ. ಅರಿವಿ ಬಿಚ್ಚಿದ. ಹಿಡಿಯೋ ಜಾಗ ಬಿಸಲಿಗೆ ತಿರುವಿ ನನ್ನ ಮುಂದ ಹಿಡದ. ಜೇನಿನ ಬಣ್ಣದ ಕಟ್ಟಿಗಿ ಮ್ಯಾಲ ಬೆಟ್ಟಿನಗಲ ಕಪ್ಪು ಮೂಡಿತ್ತು. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆಟ್ಟು ಒಂದು ಕಡೆ. ನನ್ನವು. ನಾಲ್ಕೂವರಿ ವರ್ಷದ ಶುಕ್ರವಾರಗಳು.

"ಸಂತೋಷಕ್ಕ ಹಿಡದಿ. ಬ್ಯಾಡ ಅನ್ನಂಗಿಲ್ಲ" ಅಂದ. "ಇನ್ನ ನಾಲ್ಕು ವರ್ಷ ಹಿಂಗ ಹಿಡದ್ರ ಇದೂ ಎಲ್ಲಾ ಬಂದೂಕಿನಂಗ ಆಗತೈತಿ. ಆಮ್ಯಾಲ ಯಾರಿಗೆ ತೋರಿಸ್ತಿ, ಇಪ್ಪತ್ತು ವರ್ಷ ಹೊತ್ತವನ ಕೈ ಇದಕ್ಕ ತಾಕಿಸಿಕೊಡಲಿಲ್ಲ ಅಂತ? ಚೀಟಿ ಅವರ ಅಕ್ಷರ. ಇವತ್ತಿಲ್ಲ ನಾಳೆ ಜಂಗು ತಿಂತೈತಿ. ಇದು ನನ್ನ ಅಕ್ಷರ. ನನಗ ಓದಾಕ ಬರೋದು ಇದೊಂದೇ. ಅದಕ್ಕ ಅರಿವಿ ಸುತ್ತಿದೆ, ದಡ್ಡಾ."

"ಮತ್ತ ವಾಡೆಕ್ಕ ಯಾಕ ಹೋಗ್ತಿ?" ಅಂತ ಕೇಳಿದೆ.

"ಬೆಟ್ಟು ಒತ್ತಿಸಿದ್ದು ಊರ ಮುಂದ. ಹರಿಯೋದು ಟಪಾಲಿನ್ಯಾಗೇನು? ಬಂದೂಕು ಬಂತು ಅಂತ ನಾ ಮನ್ಯಾಗ ಕುಂತ್ರ ಏನಂತಾರ? ಕದ್ದಾವ ತಿರುಗಿ ತಂದ, ಧಣಿ ದೊಡ್ಡ ಮನಸು ಮಾಡಿ ಬಿಟ್ಟ ಅಂತಾರ. ಕಳ್ಳ ಅನ್ನೋದು ಉಳೀತೈತಿ, ಅವರ ದೊಡ್ಡ ಮನಸೂ ಉಳೀತೈತಿ. ಮೊದಲು ಅವರು ನಿಲ್ಲಿಸಿದ್ರು, ನಿಂತೆ. ಈಗ ನಾ ನಿಲ್ಲಾಕತ್ತೀನಿ. ನಿಮಗ್ಯಾರಿಗೂ ಫರಕು ತಿಳಿವಲ್ದು."

ಹೋದ ಪತ್ರದಾಗ ಅವನ ಒಳಗ ನೀವು ಗೂಟ ಬಡದೀರಿ ಅಂತ ಬರದಿದ್ದೆ. ಆ ಮಾತು ತಪ್ಪು, ವಾಪಸ್ ತಗೊಂಡೀನಿ. ಗೂಟ ನಿಮ್ಮ ಗ್ವಾಡ್ಯಾಗೇ ಇತ್ತು. ಕಿತ್ತೀರಂತ, ತೂತು ಐತಿ.

ಈಗ ಕೇಳ್ರಿ. ಕಾಗದ ಟಪಾಲಿಗೆ ಹಾಕಬ್ಯಾಡ್ರಿ, ಬಂದ್ರ ತಗೊಳ್ಳಂಗಿಲ್ಲ. ಬರೋ ಸಂತಿ ದಿನ, ಮಂದಿ ತುಂಬಿದಾಗ, ಚಾವಡಿಗೆ ಬರ್ರಿ. ಅಪ್ಪನ ಹೆಬ್ಬೆಟ್ಟಿನ ಕಾಗದ ತರ್ರಿ. ನಿಮ್ಮಪ್ಪಗ ಕೊಟ್ಟ ಪಾವತಿನೂ ತರ್ರಿ, ಸಂದೂಕದಾಗ ಐತಿ ಅಂತ ನನಗ ಗೊತ್ತು. ರಾಜೇಸಾಬರು ಲಿಂಗಸುಗೂರಿಂದ ಬರ್ತಾರ. ಅವರು ಚೀಟಿ ಓದ್ತಾರ, ನೀವು ಪಾವತಿ ಓದಬೇಕು, ಗಟ್ಟಿ ಧ್ವನೀಲೆ, ಚುನಾವಣ್ಯಾಗ ಕತಿ ಹೇಳಿದಂಗ. ಅಪ್ಪ ಅರಿವಿ ಬಿಚ್ಚಿ ಬಂದೂಕು ಎಲ್ಲರಿಗೂ ತೋರಿಸ್ತಾನ. ಅದಾದ ಮ್ಯಾಲ ಕಾಗದ ಹರೀರಿ. ಅಲ್ಲೀತನಕ ಅವ ದಿನಾ ಬರ್ತಾನ. ನಾಳೆಯಿಂದ ನಾನೂ ಬರ್ತೀನಿ, ಬಂದೂಕು ಮನ್ಯಾಗ ಬಿಟ್ಟು. ಕೇರಿಯವರು ತಾವೂ ಬರ್ತೀವಿ ಅಂದಾರ. ಪಡಸಾಲ್ಯಾಗ ಜಾಗ ಸಾಲದಿದ್ರ ಅಂಗಳ ಐತಿ.

ಇನ್ನೊಂದು. ಅಪ್ಪಗೆ ವಯಸ್ಸಾತು, ತೋಳಿನ್ಯಾಗ ಶಕ್ತಿ ಇಲ್ಲ, ಅದಕ್ಕ ಕೈ ಕೆಳಗ ಬಿಟ್ಟಾರ ಅಂತ ಕನಿಕರ ಪಟ್ಟೀರಿ. ನಿನ್ನೆ ಸಂಜಿಮುಂದ ಗುಡ್ಡಕ್ಕ ಹೋಗಿದ್ವಿ. ನಾ ಇಟ್ಟಿದ್ದು ನಲವತ್ತು ಮಾರು. ಅವ ಗಡಿಗಿ ಎತ್ತಿಸಿ ನೂರು ಮಾರಿಗೆ ಇಡಿಸಿದ. ಒಂದೇ ತೋಟಾ ಕೇಳಿದ. ಎರಡನೇದು ಬೇಕಾಗಲಿಲ್ಲ.

ನರಸಣ್ಣ ತಂದೆ ಅಂಬಪ್ಪ